ಮತ್ತೆ ಮೊದಲಿನಿಂದ

ನದೀತೀರದ ಆ ಆಶ್ರಮಕ್ಕೆ ಬಂದವರು ಗುರುಗಳಿಗೆ ನಮಸ್ಕಾರ ಮಾಡಿದ ಮೇಲೆ ಅಚ್ಯುತನಿಗೂ ಕೈ ಮುಗಿದು ಹೋಗುತ್ತಿದ್ದರು.

ಇನ್ನೂ ಚಿಕ್ಕ ವಯಸ್ಸು, ಆದರೆ ಎಂಥ ನಿಷ್ಠೆ ಎನ್ನುತ್ತಿದ್ದರು. ಬೆಳಕು ಹರಿಯುವ ಮುಂಚೆ ಹೊಳೆಗಿಳಿದವನು ಬಿಸಿಲು ಏರಿದರೂ ಮೇಲೆ ಬರುವುದಿಲ್ಲ. ಜಪಕ್ಕೆ ಕೂತರೆ ಊಟದ ಹೊತ್ತು ಮೀರಿದರೂ ಏಳುವುದಿಲ್ಲ.

ಯಾಕೆ ಏಳುವುದಿಲ್ಲ ಎಂಬುದು ಅಚ್ಯುತನಿಗೆ ಮಾತ್ರ ಗೊತ್ತಿತ್ತು.

ಮಾಲೆ ಮುಗಿಯುತ್ತ ಬಂದ ಹಾಗೆ ಒಳಗೆ ಒಂದು ಸಣ್ಣ ಅನುಮಾನ ಏಳುತ್ತಿತ್ತು. ನಡುವೆ ಎಲ್ಲೋ ಒಂದಕ್ಷರ ಜಾರಿತೇ? ಮನಸ್ಸು ಅಡುಗೆಮನೆಯ ಒಗ್ಗರಣೆ ವಾಸನೆಯ ಕಡೆಗೆ ಹೋಗಿತ್ತಲ್ಲ, ಆಗ ಹೇಳಿದ್ದು ಹೇಳಿದ ಹಾಗೆ ಆಯಿತೇ? ಹಾಗೆ ಅನ್ನಿಸಿದ್ದೇ ತಡ, ಮಾಲೆಯನ್ನು ತಿರುಗಿಸಿ ಹಿಡಿದು ಮತ್ತೆ ಮೊದಲಿನಿಂದ ಶುರುಮಾಡುತ್ತಿದ್ದ.

ಸ್ನಾನವೂ ಅಷ್ಟೇ. ಮುಳುಗಿ ಮೇಲೆ ಬಂದು ಮರಳಿನ ಮೇಲೆ ನಾಲ್ಕು ಹೆಜ್ಜೆ ಇಟ್ಟರೆ, ಕಾಲಿಗೆ ತಾಗಿದ್ದು ಬರೀ ಮರಳೋ, ಯಾರೋ ಉಗುಳಿದ ಜಾಗವೋ ಎಂಬ ಯೋಚನೆ. ತಿರುಗಿ ನೀರಿಗೆ. ಕೈಗಳನ್ನು ಉಜ್ಜಿ ಉಜ್ಜಿ ಬೆರಳ ಸಂದುಗಳು ಬಿರುಕು ಬಿಟ್ಟು ರಕ್ತ ಒಸರುತ್ತಿತ್ತು. ರಕ್ತ ಬಂದರೆ ಮೈಲಿಗೆ. ಅದಕ್ಕೆ ಮತ್ತೆ ತೊಳೆಯುವುದು.

ಇದನ್ನೆಲ್ಲ ಅವನು ಯಾರಿಗೂ ಹೇಳಿರಲಿಲ್ಲ. ಜನ ಕೈ ಮುಗಿಯುವಾಗ ಹೇಗೆ ಹೇಳುವುದು?

ಗುರುಗಳ ಹೆಸರು ಸೋಮದೇವ. ವಯಸ್ಸಾದವರು, ಮಾತು ಕಡಿಮೆ. ಸಂಜೆ ಹೊತ್ತು ಜಗುಲಿಯ ಮೇಲೆ ಕೂತು ಅಡುಗೆಯ ಗೌರಕ್ಕನಿಗೆ ಸೊಪ್ಪು ಬಿಡಿಸಿಕೊಡುತ್ತಿದ್ದರು. ಅಚ್ಯುತ ದಿನಾ ಅದೇ ಹೊತ್ತಿಗೆ ಅವರ ಹತ್ತಿರ ಬರುತ್ತಿದ್ದ.

"ಗುರುಗಳೇ, ಬೆಳಿಗ್ಗೆ ಅರ್ಘ್ಯ ಕೊಡುವಾಗ ಒಂದು ಹನಿ ಕಾಲ ಮೇಲೆ ಬಿತ್ತು. ಪರವಾಗಿಲ್ಲವೇ?"

"ಪರವಾಗಿಲ್ಲ."

ಅಚ್ಯುತನ ಎದೆ ಹಗುರಾಗುತ್ತಿತ್ತು. ಎದ್ದು ಬಾಗಿಲವರೆಗೆ ಹೋಗುತ್ತಿದ್ದ. ಅಲ್ಲಿಂದ ಹಿಂದಕ್ಕೆ ಬರುತ್ತಿದ್ದ.

"ಕಾಲ ಮೇಲೆ ಅಂದರೆ ಹೆಬ್ಬೆರಳ ಮೇಲೆ, ಗುರುಗಳೇ."

"ಆದರೂ ಪರವಾಗಿಲ್ಲ ಮಗು."

ಹೀಗೇ ನಡೆಯುತ್ತಿತ್ತು. ಒಂದು ಸಂಜೆ ಅಚ್ಯುತ ಬಂದು, ನೈವೇದ್ಯದ ತಟ್ಟೆಯ ಹತ್ತಿರ ಇರುವೆ ಹರಿಯಿತು, ಅದು ತಟ್ಟೆಯನ್ನು ಮುಟ್ಟಿತೋ ಇಲ್ಲವೋ ಕಾಣಲಿಲ್ಲ, ಪರವಾಗಿಲ್ಲವೇ ಎಂದು ಕೇಳಿದ.

ಗುರುಗಳು ಸೊಪ್ಪಿನ ದಂಟು ಮುರಿಯುತ್ತ, "ಗೊತ್ತಿಲ್ಲ" ಎಂದರು.

ಅಚ್ಯುತನಿಗೆ ಸರಿಯಾಗಿ ಕೇಳಿಸಲಿಲ್ಲವೇನೋ ಅನ್ನಿಸಿತು.

"ನಿಮಗೇ ಗೊತ್ತಿಲ್ಲವೇ?"

"ಇಲ್ಲ."

"ನಿನ್ನೆಯವರೆಗೂ ಪರವಾಗಿಲ್ಲ ಅನ್ನುತ್ತಿದ್ದಿರಿ."

"ಅನ್ನುತ್ತಿದ್ದೆ. ಅದರಿಂದ ನಿನಗೆ ಏನಾದರೂ ಆಯಿತೇ?"

"ಸ್ವಲ್ಪ ಹೊತ್ತು ನೆಮ್ಮದಿ ಆಗುತ್ತಿತ್ತು."

"ಎಷ್ಟು ಹೊತ್ತು?"

ಅಚ್ಯುತ ತಲೆ ತಗ್ಗಿಸಿದ. "ಬಾಗಿಲವರೆಗೆ."

"ಅಷ್ಟಕ್ಕೆ ನಾನು ಬೇಡ" ಎಂದು ಗುರುಗಳು ಸೊಪ್ಪಿನ ಬುಟ್ಟಿ ಎತ್ತಿಕೊಂಡು ಒಳಗೆ ಹೋದರು.

ಅಚ್ಯುತನಿಗೆ ಸಿಟ್ಟು ಬಂತು. ಸಿಟ್ಟು ಬಂದದ್ದು ಗುರುದ್ರೋಹವಾಯಿತೇನೋ ಎಂದು ಭಯವೂ ಆಯಿತು. ಮರುದಿನ ಬೆಳಗಿನ ಜಪ ಮಧ್ಯಾಹ್ನ ಕಳೆದು ಇಳಿಹೊತ್ತಿಗೆ ಬಂದರೂ ಮುಗಿಯಲಿಲ್ಲ.

ಆ ವಾರವೇ ಅವನ ತಾಯಿ ಭಾಗೀರಥಮ್ಮ ಮಗನನ್ನು ನೋಡಲು ಬಂದರು.

ಆಚೆ ದಡದಲ್ಲಿ ಬಸ್ಸಿಳಿದು ಹರಿಗೋಲಿನಲ್ಲಿ ಹೊಳೆ ದಾಟಿ, ತಂಬಿಟ್ಟಿನ ಡಬ್ಬಿ ಹಿಡಿದುಕೊಂಡು ಮರಳಿನಲ್ಲಿ ನಡೆದು ಬಂದರು. ಗಂಡ ಇಲ್ಲದ ಹೆಂಗಸು. ಇರುವವನು ಇವನೊಬ್ಬನೇ ಮಗ. ಅವನನ್ನು ಕಂಡೊಡನೆ ಗಲ್ಲ ಸವರಲು ಕೈ ಚಾಚಿದರು.

"ಮುಟ್ಟಬೇಡಮ್ಮ. ಮಡಿಯಲ್ಲಿದ್ದೇನೆ."

ಭಾಗೀರಥಮ್ಮ ಕೈಯನ್ನು ಹಿಂದಕ್ಕೆ ತೆಗೆದುಕೊಂಡರು. "ಆಗಲಪ್ಪ. ಕಣ್ಣಾರೆ ನೋಡಿದೆನಲ್ಲ, ಸಾಕು."

ಆಮೇಲೆ ಅವನ ಬೆರಳುಗಳನ್ನು ನೋಡಿದರು.

"ಕೈಗೆ ಏನಾಯಿತೋ ಅಚ್ಚು?"

"ಚಳಿಗೆ ಒಡೆದಿದೆ."

"ಈಗೆಲ್ಲಿಯ ಚಳಿಯೋ?"

ಅವನು ಕೈಗಳನ್ನು ಬೆನ್ನ ಹಿಂದೆ ಇಟ್ಟುಕೊಂಡ. ಅವರು ತಂಬಿಟ್ಟಿನ ಡಬ್ಬಿಯನ್ನು ಗೌರಕ್ಕನ ಕೈಗೆ ಕೊಟ್ಟರು. ಬಸ್ಸಿನಲ್ಲಿ ಬಂದ ತಿಂಡಿಯನ್ನು ಮಗ ತಿನ್ನುವುದಿಲ್ಲ ಎಂದು ಹೇಗೋ ಅವರಿಗೆ ತಿಳಿದಿತ್ತು.

ಮರುದಿನ ಅವರಿಗೆ ಜ್ವರ ಬಂತು. ಅದರ ಮರುದಿನ ಎದ್ದು ಕೂರಲೂ ಆಗಲಿಲ್ಲ. ಗೌರಕ್ಕ ಸಂತೆಗೆ ಹೋಗಿದ್ದಳು. ಗುರುಗಳು ಹಣೆ ಮುಟ್ಟಿ ನೋಡಿ, ಕೊಡೆ ಹಿಡಿದು ಹೊರಟರು.

"ಆಚೆ ದಡಕ್ಕೆ ಹೋಗಿ ಡಾಕ್ಟರನ್ನು ಕರೆದುಕೊಂಡು ಬರುತ್ತೇನೆ. ನೀನು ಅಮ್ಮನ ಹತ್ತಿರ ಇರು. ಕೇಳಿದಾಗ ನೀರು ಕೊಡು. ಹಣೆಯ ಮೇಲೆ ಒದ್ದೆ ಬಟ್ಟೆ ಹಾಕು."

"ನಾನೇ ಹೋಗುತ್ತೇನೆ, ಗುರುಗಳೇ. ಈ ಬಿಸಿಲಿನಲ್ಲಿ ನೀವು..."

"ಡಾಕ್ಟರನ್ನು ಯಾರು ಬೇಕಾದರೂ ಕರೆಯಬಹುದು. ಅವಳಿಗೆ ನೀನು ಬೇಕು."

ಅಚ್ಯುತ ತಾಯಿಗೆ ನೀರು ಕುಡಿಸಿದ. ಹಣೆಗೆ ಬಟ್ಟೆ ಹಾಕಿದ. ಭಾಗೀರಥಮ್ಮ ಕಣ್ಣು ಮುಚ್ಚಿದರು. ಉಸಿರು ಬಿಸಿಯಾಗಿ ಜೋರಾಗಿ ಬರುತ್ತಿತ್ತು. ಅದನ್ನು ನೋಡುತ್ತಿದ್ದ ಹಾಗೆ ಅವನ ತಲೆಯೊಳಗೆ ಒಂದು ಯೋಚನೆ ಹೊಕ್ಕಿತು.

ಆವತ್ತು ಬೆಳಿಗ್ಗೆ ಜಪವನ್ನು ಅವನು ಅರ್ಧಕ್ಕೆ ಬಿಟ್ಟು ಎದ್ದಿದ್ದ. ಅಮ್ಮ ನರಳಿದ್ದು ಕೇಳಿ ಎದ್ದಿದ್ದ. ಅರ್ಧಕ್ಕೆ ಬಿಟ್ಟ ಜಪದಿಂದಲೇ ಜ್ವರ ಏರಿದ್ದರೆ?

ಒಂದೇ ಮಾಲೆ ಎಂದುಕೊಂಡು ಅವನು ಹೊರಗೆ ಜಗುಲಿಯ ಮೇಲೆ ಕೂತ. ಅಮ್ಮನ ಹೆಸರಿನಲ್ಲಿ, ಒಂದಕ್ಷರವೂ ತಪ್ಪದ ಹಾಗೆ, ಒಂದೇ ಮಾಲೆ.

ಮೊದಲನೆಯದು ಮುಗಿಯುವ ಹೊತ್ತಿಗೆ ಅನುಮಾನ ಬಂತು. ಮತ್ತೆ ಮೊದಲಿನಿಂದ ಶುರುಮಾಡಿದ.

"ಅಚ್ಚೂ" ಎಂದು ಒಳಗಿನಿಂದ ಕರೆದದ್ದು ಕೇಳಿಸಿತು. "ನೀರು."

ಕೇಳಿಸಿತು, ಆದರೆ ಬೆರಳುಗಳು ಮಾಲೆಯ ಮುಕ್ಕಾಲು ಭಾಗ ದಾಟಿದ್ದವು. ಈಗ ಎದ್ದರೆ ಬೆಳಗಿನ ಹಾಗೆ ಇದೂ ಅರ್ಧವಾಗುತ್ತದೆ. ಎದ್ದರೆ ಅಮ್ಮನಿಗೇ ಕೆಟ್ಟದ್ದು. ಇದೊಂದು ಮುಗಿಯಲಿ, ಅವಳಿಗಾಗಿಯೇ ತಾನೇ.

"ಅಚ್ಚೂ..."

ಆ ದನಿಗೆ ಮಂತ್ರ ತಡವರಿಸಿತು. ಅವನು ಕಣ್ಣು ಬಿಗಿಯಾಗಿ ಮುಚ್ಚಿ ಮತ್ತೆ ಮೊದಲಿನಿಂದ ಹಿಡಿದ.

ಒಳಗೆ ತಂಬಿಗೆ ಉರುಳಿದ ಸದ್ದಾಯಿತು. ಅದರ ಹಿಂದೆಯೇ ಏನೋ ಭಾರವಾದದ್ದು ನೆಲಕ್ಕೆ ಬಿದ್ದ ಸದ್ದು.

ಅಚ್ಯುತ ಕೈಯಲ್ಲಿದ್ದ ಮಣಿಯ ಮಂತ್ರವನ್ನು ಪೂರ್ತಿ ಹೇಳಿ, ಆಮೇಲೆ ಎದ್ದ.

ಗುರುಗಳು ಡಾಕ್ಟರೊಂದಿಗೆ ಬಂದಾಗ ಅವನು ಒದ್ದೆ ನೆಲದ ಮೇಲೆ ಕೂತಿದ್ದ. ತಾಯಿಯ ತಲೆ ಅವನ ತೊಡೆಯ ಮೇಲಿತ್ತು. ಹೊಸ್ತಿಲು ಬಡಿದು ಹಣೆ ಸೀಳಿತ್ತು. ಅವನ ಮಡಿಪಂಚೆಯ ತುಂಬ ರಕ್ತ.

ಡಾಕ್ಟರು ಗಾಯಕ್ಕೆ ಹೊಲಿಗೆ ಹಾಕಿ, ಚುಚ್ಚುಮದ್ದು ಕೊಟ್ಟರು. ಜ್ವರ ಇನ್ನೂ ಏರುಪೇರಾಗಬಹುದು, ಎರಡು ದಿನ ಜೋಪಾನ ಎಂದರು. ಹೊರಡುವಾಗ ಅಚ್ಯುತನ ಕೈಗಳನ್ನು ತಿರುಗಿಸಿ ನೋಡಿ, "ಒಂದು ಸಲ ನನ್ನ ಹತ್ತಿರ ಬನ್ನಿ" ಎಂದಷ್ಟೇ ಹೇಳಿದರು.

ಗೌರಕ್ಕ ಸಂತೆಯಿಂದ ಬಂದು ಭಾಗೀರಥಮ್ಮನ ಪಕ್ಕದಲ್ಲಿ ಕೂತಳು. ಗುರುಗಳು ಅಚ್ಯುತನನ್ನು ಹೊಳೆಯ ದಡಕ್ಕೆ ಕರೆದುಕೊಂಡು ಹೋದರು. ಬಿಸಿಲು ಇಳಿದಿತ್ತು.

"ಅವಳು ಕರೆದಳೇ?"

"ಕರೆದಳು."

"ಕೇಳಿಸಿತೇ?"

"ಕೇಳಿಸಿತು." "ಬಿದ್ದ ಸದ್ದೂ ಕೇಳಿಸಿತು. ಆದರೂ ಹಿಡಿದ ಮಣಿ ಮುಗಿಸಿ ಎದ್ದೆ."

ಗುರುಗಳು ದಡದ ಅಂಚಿನಲ್ಲಿ ನಿಂತರು.

"ಅವಳಿಗಾಗಿಯೇ ಜಪ ಮಾಡುತ್ತಿದ್ದೆ, ಗುರುಗಳೇ. ತಪ್ಪಾದರೆ ಅವಳಿಗೆ ಏನಾದರೂ ಆಗುತ್ತದೆ ಅಂತ."

"ಹಾಗಂತ ಯಾರು ಹೇಳಿದರು?"

"ಯಾರೂ ಹೇಳಿಲ್ಲ. ಅನ್ನಿಸುತ್ತದೆ. ಅಪ್ಪ ಹೋದಾಗಿನಿಂದ ಅನ್ನಿಸುತ್ತಿದೆ."

"ಒಂದಕ್ಷರ ತಪ್ಪಿತು ಅಂತ ನಿನ್ನ ತಾಯಿಯನ್ನು ಕೊಲ್ಲುವವನಿದ್ದರೆ, ಅವನನ್ನು ದೇವರು ಅನ್ನುತ್ತೀಯಾ?"

"ಅವನು ಅಂಥವನಲ್ಲ ಅಂತ ನನಗೂ ಗೊತ್ತು. ಆದರೂ..."

"ಆ 'ಆದರೂ' ಇದೆಯಲ್ಲ" ಎಂದರು ಗುರುಗಳು, "ಇಷ್ಟು ದಿನ ನೀನು ಪೂಜೆ ಮಾಡಿದ್ದು ಅದಕ್ಕೆ."

ಅಚ್ಯುತ ಮರಳಿನ ಮೇಲೆ ಕೂತುಬಿಟ್ಟ.

"ಹಾಗಾದರೆ ನನ್ನ ಭಕ್ತಿಯೆಲ್ಲ ಬರೀ ಕಾಯಿಲೆಯೇ?"

"ಎಲ್ಲವೂ ಅಲ್ಲ ಅಂತ ಕಾಣುತ್ತದೆ. ಎಷ್ಟು ಅದು, ಎಷ್ಟು ಇದು ಅಂತ ನನಗೂ ಗೊತ್ತಾಗುವುದಿಲ್ಲ. ಬಂದವರು ನಿನಗೆ ಕೈ ಮುಗಿಯುವಾಗ ನಾನೂ ಮೊದಮೊದಲು ಖುಷಿಪಟ್ಟವನೇ." ಗುರುಗಳು ಪಂಚೆ ಮಡಚಿಕೊಂಡು ಅವನ ಪಕ್ಕದಲ್ಲಿ ಕೂತರು. "ಆ ಡಾಕ್ಟರ ಹತ್ತಿರ ಹೋಗಿ ಬಾ. ಮೈಗೆ ಜ್ವರ ಬಂದ ಹಾಗೆ ಮನಸ್ಸಿಗೂ ಬರುತ್ತದೆ, ನಾಚಿಕೆಪಡುವಂಥದ್ದೇನಿಲ್ಲ. ಅದು ಅವರ ಕೆಲಸ. ನನ್ನ ಕೆಲಸ ಬೇರೆ ಇದೆ."

"ಏನು?"

"ನಾಳೆ ಬೆಳಿಗ್ಗೆ ಒಂದೇ ಮಾಲೆ. ಸರಿಯೋ ತಪ್ಪೋ, ಮುಗಿದೊಡನೆ ಎದ್ದು ಅಮ್ಮನ ಹತ್ತಿರ ಹೋಗಬೇಕು. ಕೊನೆಯ ಮಂತ್ರವನ್ನು ಬೇಕೆಂದೇ ತಪ್ಪಾಗಿ ಹೇಳಬೇಕು."

ಅಚ್ಯುತ ಥಟ್ಟನೆ ಅವರ ಕಡೆ ತಿರುಗಿದ.

"ಅಮ್ಮನಿಗೆ ಏನಾದರೂ ಆದರೆ?"

"ಏನಾಗುತ್ತದೋ ನನಗೆ ಗೊತ್ತಿಲ್ಲ."

"ಏನೂ ಆಗುವುದಿಲ್ಲ ಅಂತ ಒಂದೇ ಒಂದು ಸಲ ಹೇಳಿಬಿಡಿ. ನೀವು ಹೇಳಿದ ಹಾಗೆಲ್ಲ ಮಾಡುತ್ತೇನೆ."

"ಹೇಳಿದರೆ ಬಾಗಿಲವರೆಗೆ ಹೋಗಿ ತಿರುಗಿ ಬರುತ್ತೀಯ" ಎಂದು ಗುರುಗಳು ಅವನ ಬೆನ್ನ ಮೇಲೆ ಕೈಯಿಟ್ಟರು. "ಹೇಳುವುದಿಲ್ಲ. ಆದರೆ ನೀನು ತಪ್ಪು ಹೇಳುವಾಗ ಪಕ್ಕದಲ್ಲಿ ಕೂತಿರುತ್ತೇನೆ."

ಬೆಳಿಗ್ಗೆ ಇಬ್ಬರೂ ಹೊಳೆಯ ಕಡೆ ಮುಖ ಮಾಡಿ ಕೂತರು. ಮಾಲೆ ಮುಗಿಯುತ್ತ ಬಂದಾಗ ಅಚ್ಯುತನ ಬೆರಳುಗಳು ನಿಂತವು.

ಆಗ ಗುರುಗಳು ಆ ಮಂತ್ರವನ್ನು ಗಟ್ಟಿಯಾಗಿ, ಆಚೆ ದಡಕ್ಕೆ ಕೇಳುವ ಹಾಗೆ, ನಡುವಿನ ಒಂದಕ್ಷರ ನುಂಗಿ ಹೇಳಿದರು. ಇಷ್ಟು ವರ್ಷ ಆ ಬಾಯಿಂದ ಒಂದು ಮಾತ್ರೆಯೂ ಹೆಚ್ಚುಕಡಿಮೆಯಾದದ್ದನ್ನು ಅಚ್ಯುತ ಕೇಳಿರಲಿಲ್ಲ.

"ಈಗ ನೀನು."

ಅಚ್ಯುತ ಹೇಳಿದ. ತಪ್ಪಾಗಿ ಹೇಳಿದ. ಸರಿಯಾದ ಅಕ್ಷರ ತಾನಾಗಿ ತುಟಿಗೆ ಬಂತು.

"ತಿದ್ದಬೇಡ" ಎಂದರು ಗುರುಗಳು. "ಏಳು. ಗಂಜಿಯ ಹೊತ್ತಾಯಿತು."

ಅವನು ಹೋಗಿ ತಾಯಿಗೆ ಗಂಜಿ ಕುಡಿಸಿದ. ಒಂದಷ್ಟು ಅವರ ಸೆರಗಿನ ಮೇಲೆ ಚೆಲ್ಲಿತು. ಭಾಗೀರಥಮ್ಮ, "ಸಾಕೋ, ನೀನು ತಿಂದೆಯಾ?" ಎಂದರು.

ಮಧ್ಯಾಹ್ನ ಜ್ವರ ಏರಿತು.

ಹಿಂದಿನ ದಿನಕ್ಕಿಂತ ಹೆಚ್ಚು ಏರಿತು. ಭಾಗೀರಥಮ್ಮ ಸತ್ತುಹೋದ ಗಂಡನ ಹೆಸರು ಹಿಡಿದು ಏನೇನೋ ಬಡಬಡಿಸತೊಡಗಿದರು. ಅಚ್ಯುತ ಓಡಿಹೋಗಿ ಗುರುಗಳನ್ನು ಕರೆತಂದ.

"ನೋಡಿ, ಗುರುಗಳೇ. ನಾನು ಹೇಳಿದೆನಲ್ಲ."

ಗುರುಗಳು ಹಣೆ ಮುಟ್ಟಿದರು. "ಹೌದು, ಏರಿದೆ. ತಣ್ಣೀರು ತಾ. ಎರಡು ಬಟ್ಟೆ ತಾ."

"ನಾನು ತಪ್ಪು ಹೇಳಿದ್ದಕ್ಕೇ ಹೀಗಾಯಿತು."

"ಇರಬಹುದು. ಬಟ್ಟೆ ತಾ."

ಅಚ್ಯುತ ಅವರ ಮುಖವನ್ನೇ ನೋಡಿದ. ಅಲ್ಲ ಎಂದು ಅವರು ಹೇಳಲಿಲ್ಲ. ಹೌದು ಎಂದೂ ಹೇಳಲಿಲ್ಲ. ಬಟ್ಟೆಗಾಗಿ ಕೈ ಚಾಚಿದ್ದರು.

ಅವನು ನೀರು ತಂದ.

ತಾಯಿಯ ಹಣೆ, ಕತ್ತು, ಅಂಗಾಲು ಒರೆಸುತ್ತ ಕೂತ. ಹೊರಗೆ ಜಗುಲಿಯ ಮೇಲೆ ಅವನ ಮಾಲೆ ಇತ್ತು. ಅದು ಎಲ್ಲಿದೆ ಎಂದು ನೋಡದೆಯೂ ಅವನಿಗೆ ಗೊತ್ತಿತ್ತು. ಹೋಗು, ತಿದ್ದು, ಇನ್ನೂ ಹೊತ್ತು ಮೀರಿಲ್ಲ ಎಂದು ಎದೆ ಹೊಡೆದುಕೊಳ್ಳುತ್ತಿತ್ತು. ಒಮ್ಮೆ ಅರ್ಧ ಎದ್ದೇಬಿಟ್ಟ. ಆಗ ಭಾಗೀರಥಮ್ಮ "ನೀರು" ಎಂದರು. ಅವನು ಕೂತು ಅವರ ತಲೆಯನ್ನೆತ್ತಿ ನೀರು ಕುಡಿಸಿದ.

ಅವನೊಳಗಿನ ಬೇಗುದಿ ಏರಿತು, ಇನ್ನು ತಡೆಯಲಾರೆ ಅನ್ನುವಷ್ಟು ಏರಿತು. ಅವನು ಬಟ್ಟೆ ಹಿಂಡುವುದನ್ನು ಬಿಡಲಿಲ್ಲ. ಎಷ್ಟೋ ಹೊತ್ತಾದ ಮೇಲೆ, ಬಾಗಿಲಲ್ಲಿ ಸಂಜೆಯ ಬಿಸಿಲು ಬಿದ್ದಾಗ, ಆ ಬೇಗುದಿ ಅರ್ಧಕ್ಕೆ ಇಳಿದಿರುವುದು ಅವನ ಗಮನಕ್ಕೆ ಬಂತು. ಅದನ್ನು ಇಳಿಸಲು ಅವನು ಏನೂ ಮಾಡಿರಲಿಲ್ಲ.

ಜ್ವರ ಮಾತ್ರ ಆಗಲೂ ಇಳಿದಿರಲಿಲ್ಲ. ಅದು ಇಳಿದದ್ದು ಮರುದಿನ.

ಗಾಯ ಮಾಯುವವರೆಗೆ ಭಾಗೀರಥಮ್ಮ ಆಶ್ರಮದಲ್ಲೇ ಉಳಿದರು. ದಿನವೂ ಬೆಳಿಗ್ಗೆ ಅಚ್ಯುತ ಗುರುಗಳ ಪಕ್ಕದಲ್ಲಿ ಕೂತು ಒಂದು ಮಾಲೆ ಜಪ ಮಾಡಿದ. ದಿನವೂ ಒಂದು ತಪ್ಪನ್ನು ತಪ್ಪಾಗಿಯೇ ಬಿಟ್ಟು ಎದ್ದ. ಕೆಲವು ದಿನ ಸೋತ. ಗುರುಗಳು ಅತ್ತ ಹೋದದ್ದೇ ಕದ್ದು ಹೋಗಿ ಹಿತ್ತಲಲ್ಲಿ ನಿಂತು ಮತ್ತೆ ಹೇಳಿಕೊಂಡ. ಅದನ್ನು ಅವರಿಗೆ ಹೇಳಿದಾಗ, "ನಾಳೆ ಇದೆಯಲ್ಲ" ಎಂದರು. ಡಾಕ್ಟರ ಹತ್ತಿರವೂ ಹೋಗಿ ಬಂದ. ಅವರು ಕೈಗೆ ಮುಲಾಮು ಕೊಟ್ಟರು, ಮನಸ್ಸಿಗೂ ಒಂದು ಗುಳಿಗೆ ಕೊಟ್ಟರು, ಆಗಾಗ ಬಂದು ಮಾತಾಡಿ ಹೋಗಲು ಹೇಳಿದರು.

ಊರಿಗೆ ಹೊರಟ ದಿನ ಭಾಗೀರಥಮ್ಮ ಹರಿಗೋಲಿನ ಹತ್ತಿರ ನಿಂತು ಮಗನನ್ನು ನೋಡಿದರು. ಕೈ ಚಾಚಲಿಲ್ಲ. ಅಚ್ಯುತನೇ ಮುಂದೆ ಬಂದು ಅವರ ಎರಡೂ ಕೈಗಳನ್ನು ಹಿಡಿದುಕೊಂಡ.

"ಮಡಿಯಲ್ಲಿಲ್ಲವೇನೋ?" ಎಂದರು ಅವರು.

"ಇದ್ದೇನೆ" ಎಂದ.

ಹರಿಗೋಲು ಆಚೆ ದಡ ಸೇರಿದ ಮೇಲೆ ಅವನು ನೀರಿಗಿಳಿದು ಒಂದು ಮುಳುಗು ಹಾಕಿದ. ಅಷ್ಟು ಆಗಲೇಬೇಕಾಯಿತು. ಇನ್ನೊಂದು ಮುಳುಗಿಗೆ ಕಾಲು ತಾನಾಗಿ ತಿರುಗಿತು. ಅವನು ದಡದ ಮೇಲೆ ಒದ್ದೆಬಟ್ಟೆಯಲ್ಲೇ ಕೂತು, ಆ ಆಸೆ ತಣ್ಣಗಾಗುವವರೆಗೆ ಕಾದ.

ಬೇಸಿಗೆ ಕಳೆಯಿತು. ಅಚ್ಯುತ ಈಗ ಎಲ್ಲರ ಜೊತೆ ಊಟಕ್ಕೆ ಕೂರುತ್ತಿದ್ದ. ಗೌರಕ್ಕನಿಗೆ ಹೊಳೆಯಿಂದ ನೀರು ಹೊತ್ತು ತರುತ್ತಿದ್ದ. ಬೆರಳುಗಳಿಗೆ ಹೊಸ ಚರ್ಮ ಬಂದಿತ್ತು. ಬಂದವರು ಗುರುಗಳಿಗೆ ನಮಸ್ಕಾರ ಮಾಡಿ ಅವನನ್ನು ದಾಟಿ ಹೋಗುತ್ತಿದ್ದರು. ಆ ಹುಡುಗನಿಗೆ ಮೊದಲಿನ ನಿಷ್ಠೆ ಇಲ್ಲ ಎಂದು ಒಬ್ಬರು ಅನ್ನುವುದು ಅವನ ಕಿವಿಗೇ ಬಿತ್ತು. ಆವತ್ತು ಅವನಿಗೆ ಊಟ ಸೇರಲಿಲ್ಲ.

ಅದಕ್ಕಿಂತ ದೊಡ್ಡ ಸಂಕಟ ಒಂದಿತ್ತು. ಒಂದು ಬೆಳಿಗ್ಗೆ, ಮಾಲೆ ಮುಗಿಸಿ ಕೆಳಗಿಟ್ಟ ಮೇಲೆ, ಅವನು ಗುರುಗಳ ಕಡೆ ತಿರುಗಿದ.

"ಒಂದು ಮಾತು ಕೇಳಲೇ?"

"ಪರವಾಗಿಲ್ಲವೇ ಅಂತ ಕೇಳುವುದಾದರೆ ಬೇಡ."

"ಅದಲ್ಲ." ಅವನು ನೀರನ್ನೇ ನೋಡುತ್ತ ಹೇಳಿದ. "ಹೆದರಿಕೆ ಕಡಿಮೆಯಾಗಿದೆ. ಪೂರ್ತಿ ಹೋಗಿಲ್ಲ, ಕಡಿಮೆಯಾಗಿದೆ. ಆದರೆ ಅದರ ಜೊತೆಗೆ ಎಲ್ಲವೂ ಹೊರಟುಹೋದ ಹಾಗಿದೆ. ಮೊದಲು ಕಣ್ಣು ಮುಚ್ಚಿದರೆ ದೇವರು ಇದ್ದಾನೆ ಅನ್ನಿಸುತ್ತಿತ್ತು. ನನ್ನ ತಪ್ಪು ಹುಡುಕುತ್ತಲೇ ಇರಲಿ, ಇದ್ದಾನೆ ಅನ್ನಿಸುತ್ತಿತ್ತು. ಈಗ ಕಣ್ಣು ಮುಚ್ಚಿದರೆ ಏನೂ ಇಲ್ಲ, ಗುರುಗಳೇ. ಬರೀ ಮೌನ. ಅವನ ಸದ್ದೇ ಇಲ್ಲ."

ಆಚೆ ದಡದಿಂದ ಹರಿಗೋಲೊಂದು ಹೊರಟಿತ್ತು. ಗುರುಗಳು ಅದು ನಡುನೀರಿಗೆ ಬರುವವರೆಗೂ ನೋಡುತ್ತ ಕೂತಿದ್ದರು.

"ಇಷ್ಟು ವರ್ಷ ಒಂದೇ ಸಮನೆ ನೀನೇ ಮಾತಾಡಿದ್ದೀಯ" ಎಂದರು. "ಅವನಿಗೂ ಸ್ವಲ್ಪ ಹೊತ್ತು ಕೊಡು."